ಕರೆಯುವ ಶಿವಬಸವ್ವ ಕರೆಯದೆ ಬಿಟ್ಟ ಮನೆಗಳು

ಇನ್ನೂ ಬೆಳಕು ಹರಿದಿಲ್ಲ. ಸವಣೂರಿನ ಈ ಓಣಿಯ ಮೇಲಿನ ತುದಿಯಲ್ಲಿ ಒಂದೇ ಒಂದು ಒಲೆ ಉರಿಯುತ್ತಿದೆ. ಅದರ ಮುಂದೆ ಶಿವಬಸವ್ವ ರೊಟ್ಟಿ ಬಡಿಯುತ್ತಿದ್ದಾರೆ. ಬಸ್ ಸ್ಟ್ಯಾಂಡಿನ ಖಾನಾವಳಿಗೆ ದಿನಾ ನೂರು ರೊಟ್ಟಿ ಇವರ ಕೈಯಿಂದಲೇ ಹೋಗಬೇಕು. ಕೊನೆಯ ರೊಟ್ಟಿ ಬುಟ್ಟಿಗೆ ಬಿದ್ದ ಮೇಲೆ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಗೋಡೆಯ ಮಾಡದಲ್ಲಿರುವ ಕುಂಕುಮದ ಭರಣಿಗೆ ಕೈ ಚಾಚುತ್ತಾರೆ. ಚಾಚಿದ ಕೈ ಅರ್ಧಕ್ಕೇ ನಿಲ್ಲುತ್ತದೆ. ಭರಣಿಯನ್ನು ಅಲ್ಲೇ ಬಿಟ್ಟು ಹೊರಗೆ ಬರುತ್ತಾರೆ.

ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಂತ ಗಂಡ ಬಸವಣ್ಣೆಪ್ಪ ತಲೆಯೆತ್ತಿ ನೋಡುತ್ತಾರೆ.

"ಬರಿಗೈಲೆ ಯಾರನ್ನ ಕರ್ಯಾಕ ಹೊಂಟಿ?"

"ತಗ್ಗಿನ ಮನಿಯಾರನ್ನ."

"ಈಗ ನೆಪ್ಪಾತೇನು ಅವರದು?"

ಶಿವಬಸವ್ವ ಚಪ್ಪಲಿ ಮೆಟ್ಟಿಕೊಂಡು ಇಳಿಜಾರಿನಲ್ಲಿ ನಡೆಯತೊಡಗುತ್ತಾರೆ. ವೀಳ್ಯದ ಎಲೆತೋಟದ ಕೆಲಸಕ್ಕೆ ಹೆಂಗಸರು ಹೊರಡುವ ಮೊದಲೇ ಅವರ ಬಾಗಿಲು ಮುಟ್ಟಬೇಕು.

ಕರೆಯುವುದು ಇವರ ಇನ್ನೊಂದು ಕೆಲಸ. ಕೂಲಿ ಇಲ್ಲ, ಹೆಸರೂ ಇಲ್ಲ. ಓಣಿಯಲ್ಲಿ ತೊಟ್ಟಿಲು, ಬಸುರಿಗೆ ಕುಬಸ, ಲಗ್ನ ಯಾವುದೇ ಇರಲಿ, ಮನೆಮನೆಗೆ ಹೋಗಿ ಹಣೆಗೆ ಕುಂಕುಮ ಹಚ್ಚಿ "ಸಂಜಿಕ್ಕ ಬರ್ರೆವ್ವಾ" ಅಂದು ಬರುವವರು ಶಿವಬಸವ್ವ. ಮದುವೆಯಾಗಿ ಈ ಓಣಿಗೆ ಬಂದ ವರ್ಷ ಅತ್ತೆ ಕೈಗೆ ಭರಣಿ ಕೊಟ್ಟರು, ಅಂದಿನಿಂದ ಕಾಲಿಗೆ ಪುರಸೊತ್ತಿಲ್ಲ. "ಶಿವಬಸವ್ವ ಕರದ್ರ ಜ್ವರ ಬಂದಾಕೀನೂ ಎದ್ದ ಬರತಾಳ" ಎಂದು ಓಣಿಯ ಹೆಂಗಸರು ನಗುತ್ತಾರೆ. ನಗೆಯಲ್ಲಿ ನಿಜವೂ ಇದೆ. ಇಲ್ಲಿ ಸುದ್ದಿ ಗೊತ್ತಾದರೆ ಸಾಲದು. ಯಾರಾದರೂ ಬಾಗಿಲಿಗೆ ಬಂದು ಬಾಯಿಬಿಟ್ಟು ಕರೆಯಬೇಕು. ಕರೆಯದ ಮನೆಗೆ ಯಾರೂ ಕಾಲಿಡುವುದಿಲ್ಲ, ಹೊಟ್ಟೆಗೆ ಇಲ್ಲದವರೂ ಇಡುವುದಿಲ್ಲ.

ಹೋದ ವರ್ಷ ಒಂದು ಸಣ್ಣ ಟ್ರಸ್ಟಿನಿಂದ ಪದ್ಮಜಾ ಎಂಬವರು ಬಂದರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸುತ್ತ ಓಣಿಗಳಿಗೆ ದುಡ್ಡು ಕೊಡುವ ಅವರ 'ಓಣಿ ನಿಧಿ' ನಡೆಯುತ್ತದೆ. ಅರ್ಜಿ ಇಲ್ಲ, ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವುದೂ ಇಲ್ಲ. ಮಳೆ ಈಗ ಹಿಂದಿನ ಮಳೆಯಲ್ಲ, ಬಿಸಿಲು ಹಿಂದಿನ ಬಿಸಿಲಲ್ಲ. ಅದರ ಪೆಟ್ಟು ಮೊದಲು ಬೀಳುವುದು ಕೂಲಿ ಮಾಡುವವರ ಮೇಲೆ, ಜಾತಿ-ಧರ್ಮದ ನೆವ ಹೇಳಿ ಊರು ಅಂಚಿಗೆ ನೂಕಿದವರ ಮೇಲೆ. ಆದ್ದರಿಂದ ದುಡ್ಡು ಯಾವುದಕ್ಕೆ ಹೋಗಬೇಕೆಂದು ಓಣಿಯ ಹೆಂಗಸರೇ ಕೂತು ತೀರ್ಮಾನಿಸಲಿ ಎಂಬುದು ನಿಧಿಯ ಕಟ್ಟಳೆ. ಹಾನಗಲ್ ಕಡೆಯವರು ಮಾವಿನಹಣ್ಣು ಆರಿಸುವ ಜಾಗಕ್ಕೆ ನೆರಳು ಮಾಡಿಸಿಕೊಂಡರು. ಹಿರೇಕೆರೂರು ಕಡೆಯವರು ಮಳೆ ಕೈಕೊಟ್ಟರೂ ಬರುವ ಜೋಳದ ಬೀಜ ಕೂಡಿಟ್ಟರು.

ಸವಣೂರಿನ ಈ ಓಣಿಯಲ್ಲಿ ಹೆಂಗಸರನ್ನು ಕೂಡಿಸುವವರು ಯಾರು? ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು.

ಶಿವಬಸವ್ವ ಆಗ ಒಂದು ಉಪಾಯ ಮಾಡಿದರು. 'ಮೀಟಿಂಗ್' ಅಂದರೆ ಯಾವ ಅತ್ತೆ ಸೊಸೆಯನ್ನು ಹೊಸ್ತಿಲು ದಾಟಿಸುತ್ತಾಳೆ? ಅರಿಷಿಣ-ಕುಂಕುಮಕ್ಕೆ ಅಂದರೆ ಒಲ್ಲೆ ಅನ್ನುವ ಅತ್ತೆ ಇಲ್ಲ. ಭರಣಿ ಹಿಡಿದು ಹೊರಟರು. ಸಂಜೆ ಇವರ ಪಡಸಾಲೆ ತುಂಬಿತು. ಉಡಿ ತುಂಬಿದರು, ಸಕ್ಕರೆ ಹಂಚಿದರು, ಆಮೇಲೆ ಮಾತಿಗೆ ಕೂತರು. ಮಳೆ ಬಂದರೆ ಮನೆಯೊಳಗೆ ನೀರು ನುಗ್ಗುತ್ತದೆ, ಗಟಾರ ಬೇಕು ಎಂದು ಎಲ್ಲರೂ ಒಂದೇ ದನಿಯಲ್ಲಿ ಅಂದರು. ಪದ್ಮಜಾ ಒಂದೇ ಪ್ರಶ್ನೆ ಕೇಳಿದರು: "ಓಣಿಯವರೆಲ್ಲ ಬಂದಾರೇನ್ರಿ?"

"ಎಲ್ಲಾರೂ ಬಂದಾರ್ರಿ," ಎಂದರು ಶಿವಬಸವ್ವ.

ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕೂ ಅವರಿಗೆ ಇರಲಿಲ್ಲ. ನಾಚಿಕೆ ಇರುವುದು ಅಲ್ಲಿಯೇ. ಓಣಿಯ ತಗ್ಗಿನಲ್ಲಿ ರಮಜಾನಬಿಯ ಮನೆ ಇದೆ, ಮಗ್ಗುಲಲ್ಲಿ ಸರೋಜವ್ವನ ಮನೆ, ಆಚೆಗೆ ದಲಿತರ ಮನೆಗಳು. ರಮಜಾನಬಿ ಕುಂಕುಮ ಹಚ್ಚಿಕೊಳ್ಳುವವರಲ್ಲ. ಸರೋಜವ್ವನ ಗಂಡ ತೀರಿ ಬಹಳ ಕಾಲವಾಯಿತು. ಇನ್ನೂ ಆಚೆಗೆ ಭರಣಿ ಯಾವತ್ತೂ ಹೋದದ್ದೇ ಇಲ್ಲ. "ಸರೋಜವ್ವನ ಹಣಿ ಮುಂದ ಭರಣಿ ಹಿಡ್ಕೊಂಡ ನಿಂತ್ರ ಆಕಿಗೆ ಸಂಕಟ ಆಗತೈತಿ, ಅದಕ್ಕ ಹೋಗಬಾರದು ಅಂತ ನಮ್ಮತ್ತಿ ಹೇಳಿದ್ರು. ನಾನೂ ಹಂಗ ತಿಳ್ಕೊಂಡಿದ್ದೆ. ಸಂಕಟ ಆಗತಿದ್ದದ್ದು ನನಗ್ರೀ, ಆಕಿಗಲ್ಲ," ಎನ್ನುತ್ತಾರೆ ಈಗ, ಪೇಪರಿಗೆ ಬರೆಯಲು ಬಂದವರ ಮುಂದೆ.

ಇಲ್ಲಿ ಯಾರೂ ಯಾರಿಗೂ ಬಾಗಿಲು ಹಾಕಲಿಲ್ಲ. ಯಾರೂ ಯಾರನ್ನೂ ಬಯ್ಯಲಿಲ್ಲ. ಸುಮ್ಮನೆ ಕರೆಯಲಿಲ್ಲ, ಅಷ್ಟೇ. ನಮ್ಮ ಊರುಗಳಿಗೆ ಇಷ್ಟು ಸಭ್ಯವಾಗಿ ಹೊಡೆಯುವುದು ಗೊತ್ತಿದೆ. ಗಾಯ ಕಾಣುವುದಿಲ್ಲ, ಹೊಡೆದವರ ಕೈಯಲ್ಲಿ ಕುಂಕುಮ ಮಾತ್ರ ಇರುತ್ತದೆ.

ಗಟಾರ ಆಯಿತು. ಮೇಲಿನ ಮನೆಗಳ ಮುಂದೆ ಚೊಕ್ಕ ಸಿಮೆಂಟಿನದು. ದುಡ್ಡು ಎಲ್ಲಿಗೆ ಮುಗಿಯಿತೋ ಗಟಾರವೂ ಅಲ್ಲಿಗೇ ಮುಗಿಯಿತು, ರಮಜಾನಬಿಯ ಮನೆಗಿಂತ ನಾಲ್ಕು ಮಾರು ಮೇಲೆ.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಕಾಶ ಹರಿದು ಬಿದ್ದಂತೆ ಸುರಿಯಿತು. ಶಿವಬಸವ್ವನ ಪಡಸಾಲೆಗೆ ಒಂದು ಹನಿ ಬರಲಿಲ್ಲ. ಖುಷಿಯಲ್ಲಿ ಕೊಡೆ ಹಿಡಿದು, ನೀರು ಹೋಗುವ ಅಂದ ನೋಡುತ್ತ ಅದರ ಜೊತೆಗೇ ಕೆಳಗೆ ನಡೆದರು. ಮೊದಲು ಅದು ಓಣಿಯ ತುಂಬ ಹರಡಿ ನಿಧಾನಕ್ಕೆ ಇಳಿಯುತ್ತಿದ್ದ ನೀರು. ಈಗ ಒಟ್ಟಾಗಿ, ಗೂಳಿಯಂತೆ ನುಗ್ಗುತ್ತಿತ್ತು. ರಮಜಾನಬಿ ಗಂಗಾಳದಿಂದ ಮನೆಯೊಳಗಿನ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದರು. ಕಟ್ಟು ಕಟ್ಟಿಕೊಡಲೆಂದು ವ್ಯಾಪಾರಿ ಬಿಟ್ಟುಹೋದ ವೀಳ್ಯದೆಲೆ ಮನೆ ತುಂಬ ತೇಲುತ್ತಿತ್ತು. ಜೋಳದ ಚೀಲ ಅರ್ಧಕ್ಕೆ ಮುಳುಗಿತ್ತು.

ರಮಜಾನಬಿ ತಲೆಯೆತ್ತಿ ನೋಡಿ ಒಂದೇ ಮಾತು ಅಂದರು: "ನಿಮ್ಮ ಗಟಾರ ಭಾಳ ಚಲೋ ಆಗೈತಿ ಅಕ್ಕಾ. ಒಂದ ಹನಿ ದಾರಿ ತಪ್ಪಿಲ್ಲ."

ಅಂದಿನಿಂದ ಶಿವಬಸವ್ವ ಆ ಕಡೆ ಮುಖ ಹಾಕಲಿಲ್ಲ. ಕಿರಾಣಿ ಅಂಗಡಿಗೂ ಸುತ್ತುಬಳಸಿ ಹೋದರು. ರೊಟ್ಟಿ ಬಡಿಯುವಾಗ ಆ ಮಾತು ಬಂದು ಎದುರಿಗೆ ಕೂರುತ್ತಿತ್ತು. "ಬೈದಿದ್ರ ಬೇಕಾಗಿತ್ತು. ಬೈದಿದ್ರ ನಾನೂ ಬೈದು ಮನಿಗೆ ಬರತಿದ್ದೆ," ಎನ್ನುತ್ತಾರೆ.

ಈ ವರ್ಷ ಮತ್ತೆ ನಿಧಿ ಬಂದಿದೆ. ಮೇಲಿನವರು ಗಟಾರಕ್ಕೆ ಹಾಸುಗಲ್ಲು ಮುಚ್ಚಿಸಬೇಕೆಂದಿದ್ದಾರೆ. ಗಟಾರ ಕೆಳಗಿನ ಹಳ್ಳದವರೆಗೆ ಹೋಗದಿದ್ದರೆ ಮುಂದಿನ ಮಳೆಗೆ ತಗ್ಗಿನ ಗೋಡೆಗಳು ನಿಲ್ಲುವುದಿಲ್ಲ. ಅದನ್ನು ಹೇಳಬೇಕಾದವರು ಬಾರದೆ ಹೋದರೆ ಹಾಸುಗಲ್ಲೇ ಗತಿ. ಅದಕ್ಕೇ ಇಂದು ಬರಿಗೈಯ ಪಯಣ.

ಸರೋಜವ್ವ ಎಲೆ ಕೊಯ್ಯಲು ಹೊರಟು ಬಾಗಿಲ ಚಿಲಕ ಹಾಕುತ್ತಿದ್ದಾರೆ. ನೋಡಿದವರೇ ನಡುವಿಗೆ ಕೈಯಿಟ್ಟು ನಿಲ್ಲುತ್ತಾರೆ.

"ಏನ ಬೇ ಶಿವಬಸವ್ವಾ, ಭರಣಿ ಒಡದ್ಯಾ? ಇಲ್ಲಾ ದಾರಿ ತಪ್ಪಿ ಬಂದ್ಯಾ?"

"ಕರ್ಯಾಕ ಬಂದೇನಿ ಸರೋಜಕ್ಕಾ."

"ಯಾರನ್ನ? ನನ್ನನ್ನ? ಇಷ್ಟ ವರ್ಷ ಈ ಹಣಿ ಕಂಡ್ರ ದಾರಿ ಬದಲಿಸ್ತಿದ್ದಿ. ಇವತ್ತ ಹಣಿ ಚಲೋ ಆತೇನು?"

ಶಿವಬಸವ್ವನಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಯಾವತ್ತೂ ಒಂದು ಕೈಯಲ್ಲಿ ಭರಣಿ ಇರುತ್ತಿತ್ತು. ಸೆರಗಿನ ಚುಂಗು ಹಿಡಿದುಕೊಳ್ಳುತ್ತಾರೆ. "ತಪ್ಪಾತು," ಎನ್ನುತ್ತಾರೆ.

ಅಷ್ಟರಲ್ಲಿ ರಮಜಾನಬಿ ಬಾಗಿಲಿಗೆ ಬಂದಿದ್ದಾರೆ. ಕೈಯಲ್ಲಿ ಎಲೆ ಕಟ್ಟುವ ಬಾಳೆನಾರು.

"ಆ ದಿನ ನೀರನ್ನ ಯಾರೂ ಕರದಿದ್ದಿಲ್ಲ ಅಕ್ಕಾ, ಅದು ಸೀದಾ ಒಳಗ ಬಂತು. ನಾವೂ ಹಂಗ ನಿಮ್ಮ ಪಡಸಾಲಿಗೆ ನುಗ್ಗಬೇಕಿತ್ತು. ಮರ್ಯಾದಿ ಅಂತ ಕುಂತ್ವಿ."

"ಇವತ್ತ ಬರ್ರಿ ರಮಜಾನಬಿ. ಸಂಜಿಕ್ಕ."

"ನಿಮ್ಮ ಮನಿಗೆ ಬರೂದಿಲ್ಲ. ಬೇಕಾದ್ರ ನೀವ ಎಲ್ಲಾರೂ ಇಲ್ಲಿಗೆ ಬರ್ರಿ. ಕುಂದ್ರಾಕ ಜಾಗಾ ಮಾಡ್ತೇನಿ."

ಆಚೆಯ ಮನೆಗಳ ಬಾಗಿಲಿಗೂ ಹೋಗಿ ಕರೆದು, ಇಳಿದು ಬಂದ ದಾರಿಯನ್ನು ಶಿವಬಸವ್ವ ಮತ್ತೆ ಹತ್ತುತ್ತಾರೆ. ಮೇಲಿನ ಮನೆಗಳ ಬಾಗಿಲಲ್ಲಿ ನಿಂತು ಹೇಳುತ್ತಾರೆ: ಕುಂಕುಮ ಇಲ್ಲ, ಉಡಿ ಇಲ್ಲ, ಕೂಡುವುದು ರಮಜಾನಬಿಯ ಮನೆಯಲ್ಲಿ. ಒಬ್ಬರು ಸೊಂಟ ನೋವು ಅನ್ನುತ್ತಾರೆ. ಇನ್ನೊಬ್ಬರು ನೆಂಟರು ಬರುತ್ತಾರೆ ಅನ್ನುತ್ತಾರೆ. ಮತ್ತೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ: "ಅಲ್ಲಿ ಚಹಾ ಕೊಟ್ರ ಏನ ಮಾಡೂದು?"

"ಕುಡಿಯೂದು. ಚಹಾ ಮತ್ತೇನ ಮಾಡ್ತಾರ?" ಎಂದು ಶಿವಬಸವ್ವ ಮುಂದಿನ ಬಾಗಿಲಿಗೆ ಹೋಗುತ್ತಾರೆ.

ಸಂಜೆ ಅರ್ಧಕ್ಕರ್ಧ ಜನ ಬರುತ್ತಾರೆ. ಉಳಿದವರಿಗೆ ಸೊಂಟ ನೋವು. ತಗ್ಗಿನ ಮನೆಗಳ ಹೆಂಗಸರು ಆಗಲೇ ಚಾಪೆಯ ಮೇಲೆ ಕೂತಿದ್ದಾರೆ, ಪದ್ಮಜಾ ಒಂದು ಮೂಲೆಯಲ್ಲಿದ್ದಾರೆ. ಇದ್ದಷ್ಟು ಹೊತ್ತೂ ಅವರು ಬಾಯಿ ತೆರೆಯುವುದಿಲ್ಲ. ಮೇಲಿನ ಮನೆಯ ಸೊಸೆ ಶೀಲಾ ಗೋಡೆಗೆ ಒರಗಿ ಕೂತು ಮೊದಲು ಮಾತೆತ್ತುತ್ತಾಳೆ: "ಈ ವರ್ಷ ಹಾಸುಗಲ್ಲು ಅಂತ ಮಾತಾಗಿತ್ತಲ್ಲಾ?"

ರಮಜಾನಬಿ ಅವಳ ತಲೆಯ ಮೇಲಿನ ಗೋಡೆ ತೋರಿಸುತ್ತಾರೆ. ಅಲ್ಲಿ ಉದ್ದಕ್ಕೂ ಕಂದು ಬಣ್ಣದ ಗೆರೆ. "ಆ ದಿನ ಸಂಜಿಕ್ಕ ಅಲ್ಲೀತನಕ ನೀರ ನಿಂತಿತ್ತು ತಂಗೀ. ಈಗ ನಿನ್ನ ತಲಿ ಎಲ್ಲೈತಿ ನೋಡ್ಕೊ."

ಶೀಲಾ ತಿರುಗಿ ನೋಡುತ್ತಾಳೆ. ಕೂತವಳ ತಲೆಗಿಂತ ಗೆರೆ ಮೇಲಿದೆ. ಅವಳು ಗೋಡೆ ಬಿಟ್ಟು ಮುಂದೆ ಸರಿದು ಕೂರುತ್ತಾಳೆ. ಹಾಸುಗಲ್ಲಿನ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ. ಗಟಾರ ಹಳ್ಳದವರೆಗೆ ಹೋಗಲಿ ಎಂದು ತೀರ್ಮಾನವಾಗುತ್ತದೆ. ಮಳೆಗೆ ಮುಂಚೆ ಕೆಲಸ ಮುಗಿಯಬೇಕು ಎಂದೂ ಆಗುತ್ತದೆ.

ಎದ್ದು ಹೊರಡುವಷ್ಟರಲ್ಲಿ ರಮಜಾನಬಿ ಇನ್ನೊಂದು ಮಾತು ಇಡುತ್ತಾರೆ. "ಶಿವಬಸವ್ವಕ್ಕ ಇನ್ನ ಕರಿಯೂದು ಬ್ಯಾಡ. ಇನ್ನ ಮ್ಯಾಲೆ ಸರೋಜವ್ವ ಕರೀಲಿ. ಎಲ್ಲಾರ ಮನಿಗೂ ಹೋಗಲಿ, ಮ್ಯಾಲಿನ ಮನಿಗೂ."

ಗಂಡ ಸತ್ತವರು ಬೆಳಿಗ್ಗೆ ಎದುರಿಗೆ ಬಂದರೆ ಒಳಗೆ ಹೋಗಿ ನೀರು ಕುಡಿದು ಹೊರಡುವ ಓಣಿ ಇದು. ಸರೋಜವ್ವನೇ ಬೆಚ್ಚಿ, "ನಾನೊಲ್ಲೆವ್ವಾ, ಬಾಗಲದಾಗ ನಿಂದ್ರಿಸಿ ಕಳಸ್ತಾರ," ಎನ್ನುತ್ತಾರೆ.

ಶಿವಬಸವ್ವನ ಮುಖ ಇಳಿಯುತ್ತದೆ. ಇವರ ಹತ್ತಿರ ಇದ್ದದ್ದೇ ಅದೊಂದು ಮಾನ. ರೊಟ್ಟಿಯನ್ನು ಯಾರು ಬೇಕಾದರೂ ಬಡಿಯುತ್ತಾರೆ, ಕರೆದರೆ ಎಲ್ಲರೂ ಬರುವುದು ಇವರೊಬ್ಬರಿಗೇ ಆಗಿತ್ತು. ಕಣ್ಣು ಮುಚ್ಚಿ, ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾರೆ.

"ಮೊದಲ ನಮ್ಮ ಮನಿಗೆ ಬಾ ಸರೋಜಕ್ಕಾ. ಒಳಗ ಬಾ."

ಅದನ್ನು ಕಂಡು ಶೀಲಾಳ ಕೈ ಏಳುತ್ತದೆ, ಆಮೇಲೆ ಒಂದೊಂದಾಗಿ ಉಳಿದವು. ಎಲ್ಲವೂ ಅಲ್ಲ.

"ಪೇಪರಿನ್ಯಾಗ ಹಾಕ್ತೀರಿ ಅಂದ್ರ ನಾನು ಕರೀದ ಬಿಟ್ಟದ್ದನ್ನೂ ಹಾಕ್ರಿ. ಬರೇ ಚಲೋದು ಹಾಕಿ ನನ್ನ ದೇವರ ಮಾಡಬ್ಯಾಡ್ರಿ," ಎನ್ನುತ್ತಾರೆ ಶಿವಬಸವ್ವ. ಗಟಾರದ ಕೆಲಸ ಯಾರಿಗೆ ಕೊಡಬೇಕೆಂದು ಹೆಂಗಸರು ಇನ್ನೊಮ್ಮೆ ಕೂಡಬೇಕಿದೆ. ಯಾವ ದಿನ ಎಂದು ಸರೋಜವ್ವ ಬಂದು ಹೇಳಬೇಕು. ಈಗ ರೊಟ್ಟಿ ಬುಟ್ಟಿ ಖಾನಾವಳಿಗೆ ಬಸವಣ್ಣೆಪ್ಪನೇ ಒಯ್ಯುತ್ತಾರೆ. ತಾವು ಹೊರಗೆ ಹೋದಾಗ ಸರೋಜವ್ವ ಬಂದುಬಿಟ್ಟರೆ ಎಂದು ಶಿವಬಸವ್ವ ನೀರಿಗೆಂದು ನಲ್ಲಿಗೆ ಹೋಗಲೂ ಹಿಂಜರಿಯುತ್ತಾರೆ. ಮೆಟ್ಟಿಲ ಮೇಲೆ ಕೂತು ಇಳಿಜಾರಿನ ಕಡೆ ನೋಡುತ್ತಾರೆ. ಕರೆ ಕಾಯುವುದು ಅವರಿಗೆ ಹೊಸದು.

ಏನಾದರೂ ಆಗಬೇಕೇ, ಏನಾದರೂ ಬೇಕೇ ಎಂದು ಕೇಳಿದರೆ ಹೇಳುತ್ತಾರೆ:

"ಏನೂ ಬ್ಯಾಡ್ರಿ. ಆಕಿ ನಮ್ಮ ಮನಿ ದಾಟಿ ಹೋಗದಿದ್ರ ಸಾಕು."