ಪ್ರೇಮಕುಮಾರಿ ಮೇಡಂ ಅವರ ಎರಡು ಡಿಸ್ಕು

ಹೊಳೆನರಸೀಪುರದ ಖಾಸಗಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರೇಮಕುಮಾರಿ ಮೇಡಂ ದಿನವೂ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರು. ಹಳ್ಳಿಮೈಸೂರಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಒಂಟಿ ಹೆಂಗಸು. ಎಂಟು ವರ್ಷದಲ್ಲಿ ಸ್ಟಾಫ್ ರೂಮಿಗೆ ಯಾರೂ ಕರೆದಿರಲಿಲ್ಲ, ಅವರೂ ಹೋಗಿರಲಿಲ್ಲ.

2003ರಲ್ಲಿ ನಾನು ಅವರ ಸಹಾಯಕಿಯಾಗಿ ಸೇರಿದೆ. ಬೆಂಗಳೂರಲ್ಲಿ ಓದಿದವಳು, ಈ ಊರಲ್ಲಿ ನನ್ನವರು ಅಂತ ಯಾರಿಲ್ಲ. ಹತ್ತು ತಿಂಗಳ ಮಗಳು ತನ್ಮಯಿಯನ್ನು ಜೊತೆಗೇ ಒಯ್ಯುತ್ತಿದ್ದೆ. ಪ್ಲಗ್ಗಿಗೆ ಬೆರಳು ಹಾಕೀತು, ಕೀಬೋರ್ಡಿನ ಗುಂಡಿ ನುಂಗೀತು ಅಂತ ದಿನವಿಡೀ ಅದರ ಮೇಲೇ ಕಣ್ಣು.

ಮಕ್ಕಳ ಅಂಕಗಳಿದ್ದದ್ದು ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ಒಂದು ಮಿಷೀನಿನಲ್ಲಿ. ಒಳಗೆ ಎರಡು ಡಿಸ್ಕು. ಮೊದಲನೇ ಕೇಬಲ್ಲಿನದಕ್ಕೆ ಎಚ್‌ಡಿಎ ಅಂತ ಹೆಸರು, ಎರಡನೆಯದಕ್ಕೆ ಎಚ್‌ಡಿಸಿ. ಕೆಲಸವೆಲ್ಲ ಮೊದಲನೆಯದರಲ್ಲಿ, ಜೂನಲ್ಲೊಮ್ಮೆ, ದಸರಾ ರಜೆ ಮುಗಿದಾಗೊಮ್ಮೆ ಅದರ ಪೂರ್ತಿ ನಕಲು ಎರಡನೆಯದಕ್ಕೆ.

"ಹೆಸರು ಡಿಸ್ಕಿಂದಲ್ಲ ಕಣಮ್ಮ, ಸಿಕ್ಕಿಸಿದ ಜಾಗದ್ದು," ಅಂದಿದ್ದರು ಮೇಡಂ. "ಬಾಡಿಗೆ ಮನೆ ನಂಬರ್ ಇದ್ದಂಗೆ. ಒಳಗ್ ಯಾರವ್ರೆ ಅಂತ ನಂಬರಿಗೇನ್ ಗೊತ್ತು?"

ಆಯುಧಪೂಜೆಗೆ ಮಿಷೀನು ಬಿಚ್ಚಿ ಧೂಳು ಒರೆಸಿ, ಕುಂಕುಮ ಇಟ್ಟವಳು ನಾನು. ಮೇಡಂ ಹೂ ತರಲು ಹೋಗಿದ್ದರು. ಡಿಸ್ಕುಗಳಿಗೂ ಕುಂಕುಮ ಇಡಲು ಅಡ್ಡ ಬಂದ ಕೇಬಲ್ಲು ಎರಡನ್ನೂ ಕಿತ್ತೆ. ಮಗು ಕಿರುಚಿಕೊಂಡಿತು. ಯಾವುದು ಯಾವುದಕ್ಕೆ ಅಂತ ನೋಡದೆ ಒಂದೇ ಕೈಯಲ್ಲಿ ವಾಪಸ್ ಸಿಕ್ಕಿಸಿದೆ.

ರಜೆ ಮುಗಿಯಿತು. ಮಿಷೀನು ಎಂದಿನ ಹಾಗೇ ಶುರುವಾಯಿತು. ಮೊದಲನೇ ಕೇಬಲ್ಲಿಗೆ ಈಗ ಸಿಕ್ಕಿದ್ದ ನಕಲಿನ ಡಿಸ್ಕೂ ಪೂರ್ತಿ ಡಿಸ್ಕೇ ತಾನೆ! ಮೇಡಂ ರೂಢಿಯಂತೆ ಎಚ್‌ಡಿಎಯನ್ನು ಎಚ್‌ಡಿಸಿ ಮೇಲೆ ನಕಲಿಸಿದರು. ಆಮೇಲೆ ಅಂಕಪಟ್ಟಿ ತೆರೆದರೆ ಜೂನಿಗೇ ನಿಂತಿದೆ. ಹಳೆಯದು ಹೊಸದರ ಮೇಲೆ ಕೂತಿತ್ತು.

"ಎಂಟು ವರ್ಷ ಏನ್ ಕಲಿತ್ರಿ?" ಪ್ರಿನ್ಸಿಪಾಲರು ಕೂಗಾಡಿದರು. "ದೀಪಾವಳಿಯೊಳಗೆ ಪೂರ್ತಿ ಟೈಪಾಗ್ಬೇಕು. ಇಲ್ದಿದ್ರೆ ಬರ್ಲೇಬೇಡಿ."

"ನೋಡ್ದೆ ಎಂಟರ್ ಒತ್ತಿದೆ ಸಾ. ನನ್ ತಪ್ಪು," ಅಂದರು ಮೇಡಂ.

ನಾನು ಪಕ್ಕದಲ್ಲೇ ನಿಂತಿದ್ದೆ. ತನ್ಮಯಿಯನ್ನು ಸೊಂಟಕ್ಕೆ ಎತ್ತಿಕೊಂಡೆ. ಕೇಬಲ್ಲಿನ ವಿಷಯ ಹೇಳಿ ಇದೂ ಹೋದರೆ, ಮಗುವಿನ ಜೊತೆ ಇನ್ನೆಲ್ಲಿ ಕೆಲಸ ಕೊಟ್ಟಾರು?

ದಿನವೂ ಕ್ಲಾಸು ಮುಗಿದ ಮೇಲೆ ಕಾಗದದ ಅಂಕಪಟ್ಟಿ ಹಿಡಿದು ನಾನು ಓದಿದೆ, ಅವರು ಟೈಪ್ ಮಾಡಿದರು. ತನ್ಮಯಿ ಅವರ ಮೇಜಿನಡಿ ಆಡುತ್ತಿತ್ತು. ಊಟಕ್ಕೂ ಅವರ ಕುರ್ಚಿ ನಮ್ಮ ಕಡೆ ತಿರುಗಿತು. ದೀಪಾವಳಿಗೆ ನಾಲ್ಕು ದಿನ ಇದ್ದಾಗ ಕೊನೆಯ ಹಾಳೆ ಬಂತು. ನಾನು ಅರ್ಧಕ್ಕೇ ಓದು ನಿಲ್ಲಿಸಿದೆ.

"ಮೇಡಂ, ಕೇಬಲ್ ಕಿತ್ತದ್ದು ನಾನು."

ಅವರ ಬೆರಳು ನಿಲ್ಲಲಿಲ್ಲ. "ಗೊತ್ತು. ಎರಡು ಕೇಬಲ್ಲಿಗೂ ಕುಂಕುಮದ ಬೆರಳಚ್ಚು ಇತ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ಕಳಿಸ್ಬಿಡೋರು." ಆಮೇಲೆ ಪರದೆ ನೋಡುತ್ತಲೇ ಅಂದರು, "ಒಬ್ಳೇ ಕೂತಿದ್ರೆ ಹತ್ತು ದಿನಕ್ಕೇ ಮುಗೀತಿತ್ತು ಕಣಮ್ಮ. ನಾನೇ ನಿಧಾನ ಮಾಡ್ದೆ. ಓದಿ, ಮುಂದಿನ ನಂಬರ್."

ಹಾಳೆಯಲ್ಲಿ ಆರು ಹೆಸರು ಉಳಿದಿದ್ದವು. ನಾನೂ ನಿಧಾನವಾಗಿ ಓದಿದೆ.