ಸಾಫ್ ಆದ ಮೂರು ಚುಕ್ಕಿ

...‘ಸಾಫ್’ ಎಂದೆನೋ, ಅಥವಾ ‘ಸ್ಮೂತ್’ ಎಂದೆನೋ? ಹೋದ ವಾರದ ಮಾತು, ಆಗಲೇ ಖಾತ್ರಿಯಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೊರಟ ಬಸ್ಸಿನಲ್ಲಿ ನಿಂತಿದ್ದೆ ಎಂದು ನೆನಪು. (ಕೂತಿದ್ದೆನೇನೋ. ನಿಂತಿದ್ದರೆ ತಪ್ಪು ಸ್ವಲ್ಪ ಹಗುರ ಅಲ್ಲವೇ?)

ಫೋನಿನಲ್ಲಿ ಶರಣಮ್ಮ. ಒಂದು ಕಾಲಕ್ಕೆ ನನ್ನ ಗಣಿತದ ವಿದ್ಯಾರ್ಥಿನಿ, ಈಗ ಸುರಪುರದ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಡಂ. ಅವಳ ತಂಡ ಮಾಡಿದ ಅಂಗೈಯಗಲದ ಉಪಗ್ರಹ ಹಿಂದಿನ ದಿನವಷ್ಟೇ ಕಕ್ಷೆ ಸೇರಿತ್ತು. ಸೌರಫಲಕ ಮಾತ್ರ ಬಿಚ್ಚಿರಲಿಲ್ಲ. ಬ್ಯಾಟರಿ ಸಾಯುವುದರೊಳಗೆ ‘ಬಿಚ್ಚಿಕೋ’ ಎಂಬ ಆದೇಶ ತಲುಪಬೇಕು. ಉಳಿದಿದ್ದು ಒಂದೇ ಸುತ್ತು, ಒಂದೂವರೆ ತಾಸಿನಾಚೆ. ಆಂಟೆನಾ ಎತ್ತ ತಿರುಗಿಸಬೇಕು? ಆಗಷ್ಟೇ ಹಿಡಿದ ಸಿಗ್ನಲ್ಲಿನ ರೀಡಿಂಗ್‌ಗಳೇ ಹೇಳಬೇಕು.

“ಸರ್, ರೀಡಿಂಗ್ ಭಾಳ ಕುಣಿಯಾಕತ್ಯಾವ್ರಿ. ಗ್ರಾಫಿನ ಕೊನೀಗೆ ಮೂರು ಚುಕ್ಕಿ ಅಂತೂ ಗೆರಿ ಬಿಟ್ಟು ಹೊರಗ ಹೋಗ್ಯಾವ. ಏನ್ ಮಾಡ್ಲಿ?”

“ಸಾಫ್ ಮಾಡಿ ಲೆಕ್ಕಕ್ಕ ಹಾಕವಾ.”

ಹೀಗೇ ಅಂದಿರಬೇಕು. ನಾನು ಹೇಳಹೊರಟಿದ್ದು ‘ಸ್ಮೂತ್’, ಅಂದರೆ ನಯ ಮಾಡು ಎಂದು. ಆಕಾಶದ ರೀಡಿಂಗ್‌ಗಳು ನಡುಗುತ್ತಲೇ ಬರುತ್ತವೆ. ಅವುಗಳ ನಡುವೆ ನಯವಾದ ಗೆರೆ ಎಳೆದು ಕಕ್ಷೆ ಹುಡುಕುತ್ತೇವೆ. ಅನುಮಾನದ ಚುಕ್ಕಿಗೆ ತೂಕ ಕಡಿಮೆ ಕೊಡುತ್ತೇವೆ, ಎಸೆಯುವುದಿಲ್ಲ. ಆದರೆ ನಮ್ಮ ಕಡೆ ‘ಸಾಫ್’ ಎಂದರೇನು? ತಾಟು ಸಾಫ್. ಅಂಗಳ ಸಾಫ್. ಏನೂ ಉಳಿಯಬಾರದು!

ನಾನು ಸುರಪುರ ತಲುಪಿ ಕಾಲೇಜಿನ ಮಾಳಿಗೆ ಹತ್ತುವಷ್ಟರಲ್ಲಿ ಅಟೆಂಡರ್ ಹುಸೇನಪ್ಪ ಆಂಟೆನಾ ಹಿಡಿದು ನಿಂತಿದ್ದ. “ಬರ್ರಿ ಸರ್. ಮುಂಜಾನಿಂದ ಆ ಕಡಿ ಈ ಕಡಿ ಹೊಳ್ಳಿಸಿ ಹೊಳ್ಳಿಸಿ ರಟ್ಟಿ ಬಿದ್ದುಹೋಗ್ಯಾವ. ಒಂದು ಚಾನೆಲ್ಲರ ಬರ್ತದೇನ್ರಿ ಇದರಾಗ?”

ನಗಲಾಗಲಿಲ್ಲ. “ಶರಣಮ್ಮ, ಆ ಮೂರು ಚುಕ್ಕಿ ಎಲ್ಲವ?”

“ಸಾಫ್ ಮಾಡೀನ್ರಿ. ಹಳೇ ಫೈಲಿನ ಮ್ಯಾಲೇ ಸೇವ್ ಮಾಡೀನಿ, ಈಗ ಸಿಗಂಗಿಲ್ಲ.”

“ನಾ ಹಂಗ ಅಂದಿಲ್ಲವಾ!”

“ಅಂದ್ರಿ ಸರ್.” ಆಮೇಲೆ ದನಿ ತಗ್ಗಿಸಿದಳು. “ಮೂರೂ ಒಂದಾ ಕಡಿ ವಾಲಿದ್ದವ್ರಿ.”

ಸಿಗ್ನಲ್ಲಿನ ಬರೀ ಗದ್ದಲವಾದರೆ ಚುಕ್ಕಿ ಆ ಕಡೆ, ಈ ಕಡೆ ಜಿಗಿಯುತ್ತದೆ. ಸಾಲಾಗಿ ಮೂರು ಒಂದೇ ಕಡೆ ವಾಲಿದರೆ? ಉಪಗ್ರಹವೇ ನಾವಂದುಕೊಂಡ ದಾರಿಯಲ್ಲಿಲ್ಲದಿರಬಹುದು. (ಬಿಸಿಲಿಗೆ ನಮ್ಮ ರೇಡಿಯೋ ಕಾದರೂ ಹಾಗೆ ವಾಲುತ್ತವೆ.)

“ಯಾವ ಕಡಿ?”

“ಮ್ಯಾಲ... ಇಲ್ರಿ, ಕೆಳಗ ಇದ್ದವೇನೊ.”

ಉಪಗ್ರಹ ನಮ್ಮ ಆಕಾಶಕ್ಕೆ ಬರಲು ಇನ್ನು ನಾಲ್ಕು ನಿಮಿಷ. ನಯವಾದ ಗೆರೆ ತೋರಿಸಿದತ್ತಲೇ ಆಂಟೆನಾ ತಿರುಗಿತು. ಶರಣಮ್ಮ ಆದೇಶ ಕಳಿಸಿದಳು. ಮತ್ತೆ ಕಳಿಸಿದಳು. ಹೆಡ್‌ಫೋನಿನಲ್ಲಿ ಬರೀ ಸೊರ್ ಎನ್ನುವ ಸದ್ದು.

“ಸ್ವಲ್ಪ ಬಾಜೂಕ ಹಿಡೀಲೇನ್ರಿ ಮೇಡಂ?” ಎಂದ ಹುಸೇನಪ್ಪ.

“ಯಾವ ಬಾಜೂ, ಕಾಕಾ?” ಎಂದಳು. ಅವಳ ಕಣ್ಣು ತುಂಬಿದ್ದವು.

ಅದು ನಮ್ಮ ಆಕಾಶ ದಾಟುವ ಎಂಟು ನಿಮಿಷ ಮುಗಿದವು. ಉಪಗ್ರಹ ಮತ್ತೆಂದೂ ಮಾತಾಡಲಿಲ್ಲ.

ನಿನ್ನೆ ಶರಣಮ್ಮನ ರಿಪೋರ್ಟು ಬಂತು. ‘ಕಾರಣ’ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದಾಳೆ, ನೀವೇ ತುಂಬಿ ಎಂದು. ಏನು ಬರೆಯಲಿ? ಆ ಮೂರು ಚುಕ್ಕಿ ಗದ್ದಲವೋ, ಉಪಗ್ರಹವೋ, ನನಗೆ ಗೊತ್ತಿಲ್ಲ.