ಸೊಣ್ಣಮ್ಮ ಕಂಡ ಅಮೆರಿಕದ ಆಟ

ಬೈರಸಂದ್ರದ ಸೊಣ್ಣಮ್ಮ ಸೊಪ್ಪು ಮಾರುತ್ತಿದ್ದಳು. ಊರಿನ ಹೊಲಗಳೆಲ್ಲ ಜಯನಗರದ ಬಡಾವಣೆಗೆ ಹೋದ ಮೇಲೆ ಕೆರೆಯ ಕೆಳಗೆ ಅವಳ ಪಾಲಿಗೆ ಒಂದು ತುಂಡು ನೆಲ ಉಳಿದಿತ್ತು. ಅದರಲ್ಲಿ ದಂಟು, ಅರಿವೆ, ಸಬ್ಬಸಿಗೆ ಬೆಳೆದು, ಬೆಳಗಾಗುತ್ತಲೇ ಮಂಕರಿ ಹೊತ್ತು ಹೊಸ ಮನೆಗಳ ಗೇಟಿನ ಮುಂದೆ ನಿಂತು ಕೂಗುತ್ತಿದ್ದಳು. ದನಿ ಮಾತ್ರ ಗಟ್ಟಿ, ಜೀವ ಪುಕ್ಕಲು. ರಸ್ತೆ ದಾಟಬೇಕಾದರೆ ಲಾರಿ ಕಣ್ಣಿಗೆ ಕಾಣದಷ್ಟು ದೂರ ಹೋಗುವವರೆಗೂ ನಿಲ್ಲುತ್ತಿದ್ದಳು. ಕಟ್ಟಿದ ನಾಯಿ ಬೊಗಳಿದರೂ ಎದೆ ಹಿಡಿದುಕೊಳ್ಳುತ್ತಿದ್ದಳು.

ಹುಟ್ಟಿನಿಂದ ಅವಳು ಹಾಗಿರಲಿಲ್ಲ. ಗಂಡ ಚಿಕ್ಕಬೈರಪ್ಪ ಆ ಸೀಮೆಗೆ ಹೆಸರಾದ ಪೈಲ್ವಾನ. ಆನೇಕಲ್ ಕಡೆ ಒಂದು ಕುಸ್ತಿಗೆ ಅವನು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಹುಣಸೆಮರದ ಕೆಳಗೆ ಹೆಂಗಸರ ನಡುವೆ ನಿಂತು ಅವಳು ನೋಡುತ್ತಿದ್ದಾಗಲೇ ಎದುರಾಳಿ ಅವನನ್ನು ಎತ್ತಿ ಒಗೆದ. ಒಣಗಿದ ಸೌದೆ ಮುರಿದ ಹಾಗೆ ಒಂದು ಸದ್ದು. ಅಷ್ಟು ಜನರ ಕೇಕೆಯ ನಡುವೆಯೂ ಅದು ಅವಳ ಕಿವಿಗೆ ಬಿತ್ತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಉಳಿಯಲಿಲ್ಲ. ಅವತ್ತಿನಿಂದ ಚಿಕ್ಕಬೈರಪ್ಪ ನಡುಮನೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವನು, ಉಂಡಿರಾ ಅಂದರೆ ಹೂಂ, ಬೇಕಾ ಅಂದರೆ ಊಹೂಂ. ಮಗ ಸೀನು ಆಗಿನ್ನೂ ಸ್ಲೇಟು ಹಿಡಿಯುವ ಹುಡುಗ. ಅವನನ್ನು ಗರಡಿಮನೆ ಇರುವ ಬೀದಿಯಲ್ಲಿ ಅವಳು ನಡೆಸಲೇ ಇಲ್ಲ, ಹಿಂದಿನ ಓಣಿಯಲ್ಲಿ ಸುತ್ತಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದಳು. ಓದಲಿ, ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಸಿಗಲಿ, ಬೆನ್ನು ನೆಟ್ಟಗಿರಲಿ. ಅವಳು ದೇವರಲ್ಲಿ ಕೇಳಿಕೊಳ್ಳುತ್ತಿದ್ದದ್ದು ಇಷ್ಟೇ.

ಸೀನು ಬಸವನಗುಡಿಯ ಕಾಲೇಜಿನಲ್ಲಿ ಪಿ.ಯು.ಸಿ. ಓದುತ್ತಿದ್ದ ವರ್ಷ, ಅಂದರೆ ಅರವತ್ತನಾಲ್ಕರಲ್ಲಿ, ಜಯನಗರ ಮೂರನೇ ಬ್ಲಾಕಿನ ಒಂದು ಮಹಡಿ ಮನೆಗೆ ಅಮೆರಿಕದ ಹುಡುಗನೊಬ್ಬ ಬಾಡಿಗೆಗೆ ಬಂದ. ಹಳ್ಳಿಗಳಲ್ಲಿ ಕೋಳಿ ಸಾಕುವುದನ್ನು ಹೇಳಿಕೊಡಲು ಅವರ ಸರ್ಕಾರ ಕಳಿಸಿದ್ದ ಹುಡುಗರಲ್ಲಿ ಒಬ್ಬ. ಹೆಸರು ಬಿಲ್. ಬೈರಸಂದ್ರದವರ ಬಾಯಲ್ಲಿ ಬಿಲ್ಲಪ್ಪ ಆದ. ಸೊಣ್ಣಮ್ಮನ ಹತ್ತಿರ ಸೊಪ್ಪು ತೆಗೆದುಕೊಳ್ಳುತ್ತಿದ್ದ. "ಅಕ್ಕಾ, ದಂಟು ಇದೆಯಾ?" ಎಂದು ಅವನು ಕನ್ನಡ ಮಾತಾಡಿದರೆ ಅವಳಿಗೆ ನಗು ಬರುತ್ತಿತ್ತು. ಒಳ್ಳೆಯ ಹುಡುಗ, ತಾಯಿಯನ್ನು ಬಿಟ್ಟು ಇಷ್ಟು ದೂರ ಬಂದವ್ನೆ ಅಂತ ಒಂದು ಕಟ್ಟು ಜಾಸ್ತಿಯೇ ಇಡುತ್ತಿದ್ದಳು.

ಅವತ್ತೊಂದು ಸಂಜೆ ಉಳಿದ ಸೊಪ್ಪು ಹೊತ್ತು ಬರುತ್ತಿದ್ದಾಗ ಇನ್ನೂ ಮನೆ ಏಳದ ಸೈಟುಗಳ ಬಯಲಲ್ಲಿ ಹುಡುಗರ ಗುಂಪು ಕಂಡಿತು. ಎರಡು ಸಾಲು, ಎದುರುಬದುರು. ಎಲ್ಲರೂ ಸೊಂಟ ಬಗ್ಗಿಸಿ, ಒಂದು ಕೈ ನೆಲಕ್ಕೆ ಊರಿ, ಹಾಯಲು ನಿಂತ ಹೋರಿಗಳ ಹಾಗೆ ಎದುರಿನವನನ್ನೇ ನೋಡುತ್ತಿದ್ದರು. ಬಿಲ್ಲಪ್ಪ ಏನೋ ಕೂಗಿದ. ಎರಡೂ ಸಾಲು ಒಂದರ ಮೇಲೊಂದು ಬಿದ್ದವು. ಕೋಳಿಮೊಟ್ಟೆ ಆಕಾರದ ಚೆಂಡೊಂದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದವನನ್ನು ಇಬ್ಬರು ಸೊಂಟಕ್ಕೆ ಕೈ ಹಾಕಿ ನೆಲಕ್ಕೆ ಕೆಡವಿದರು. ಅವನ ಮೇಲೆ ಇನ್ನೂ ನಾಲ್ಕು ಜನ. ರಾಶಿ ಕರಗಿ, ಅಡಿಯಲ್ಲಿ ಇದ್ದವನು ಮಣ್ಣು ಕೊಡವಿಕೊಂಡು ಎದ್ದ. ಸೀನು.

ಮಂಕರಿ ತಲೆಯಿಂದ ಯಾವಾಗ ಬಿತ್ತೋ ಸೊಣ್ಣಮ್ಮನಿಗೆ ತಿಳಿಯಲಿಲ್ಲ. ಮಗನನ್ನು ಕೂಗಲೂ ಆಗದೆ ಬಿದ್ದ ಸೊಪ್ಪನ್ನು ಬಾಚಿಕೊಂಡು ಮನೆಗೆ ಬಂದಳು. ತಾನು ಹೇಳಿದರೆ ಮಗ ಕೇಳದೆ ಹೋದಾನು, ಅಪ್ಪನ ಮಾತು ಮೀರಲಾರ ಅಂದುಕೊಂಡು ಮಂಚದ ಹತ್ತಿರ ಕೂತಳು.

"ಇಲ್ ಕೇಳಿ. ನಮ್ ಸೀನ ಆ ಬಿಲ್ಲಪ್ಪನ ಜೊತೆ ಸೇರ್ಕಂಡು ಅದೇನೋ ಆಟ ಆಡ್ತಾವ್ನೆ. ಒಬ್ರುನ್ನೊಬ್ರು ಹಿಡಿದು ಕೆಡವೋ ಆಟ. ನೀವು ಬೇಡ ಅನ್ನಿ."

ಚಿಕ್ಕಬೈರಪ್ಪ ಗೋಡೆ ಕಡೆಯಿಂದ ಮುಖ ತಿರುಗಿಸಿದ.

"ಹೆಂಗೆ ಕೆಡವ್ತಾರೆ? ಸೊಂಟಕ್ಕೆ ಬೀಳ್ತಾರೋ, ಕಾಲಿಗೋ?"

"ಅಯ್ಯೋ, ನಂಗೇನು ಗೊತ್ತು!"

"ಕೈ ನೆಲಕ್ಕೆ ಊರಿದ್ರಾ? ಯಾವ ಕೈ?"

ಅವಳು ಗಂಡನ ಮುಖ ನೋಡಿದಳು. ಎಷ್ಟೋ ವರ್ಷಗಳಿಂದ ಇಲ್ಲದ ಬೆಳಕು ಆ ಕಣ್ಣಲ್ಲಿ. ಹೇಳಬಾರದಿತ್ತು ಅನ್ನಿಸಿತು, ಆದರೆ ಹೇಳಿ ಆಗಿತ್ತು.

ಅಂದಿನಿಂದ ಮನೆಯ ರೀತಿಯೇ ಬೇರೆಯಾಯಿತು. ಸಂಜೆ ಸೀನು ಬಂದರೆ ಅಪ್ಪ ಕಾದಿರುತ್ತಿದ್ದ. ದಿಂಬಿಗೆ ಒರಗಿ ಕೂತು, ಹೆಗಲು ಹೇಗೆ ಕೊಡಬೇಕು, ಕತ್ತು ಹೇಗೆ ಒಳಗೆ ಎಳೆದುಕೊಳ್ಳಬೇಕು, ಎದುರಿನವನ ಕಣ್ಣು ನೋಡಬೇಡ ಸೊಂಟ ನೋಡು, ಸೊಂಟ ಸುಳ್ಳು ಹೇಳಲ್ಲ ಎಂದು ಹೇಳಿಕೊಡುತ್ತಿದ್ದ. ಸುದ್ದಿ ಹರಡಿತು. ಸಿದ್ದಾಪುರದ ಹುಡುಗರು ಬಂದರು, ಯಡಿಯೂರಿನವರು ಬಂದರು. ಬಯಲಲ್ಲಿ ಚಿನ್ನಿದಾಂಡು ನಿಂತೇ ಹೋಯಿತು. ಸಾಲು ಕಟ್ಟುವ ಮೊದಲು ತೊಡೆ ತಟ್ಟುವ ಪದ್ಧತಿ ಬೇರೆ ಶುರುವಾಯಿತು. ಅದನ್ನು ಹೇಳಿಕೊಟ್ಟವನು ಬಿಲ್ಲಪ್ಪ ಅಲ್ಲ, ಮಂಚದ ಮೇಲಿನ ಪೈಲ್ವಾನ.

ಒಂದು ದಿನ ಬಿಲ್ಲಪ್ಪನೇ ಪೈಲ್ವಾನರನ್ನು ನೋಡಬೇಕು ಅಂತ ಮನೆಗೆ ಬಂದ. ನೆಲದ ಮೇಲೆ ಚಾಪೆಯಲ್ಲಿ ಮಂಡಿ ಮಡಿಸಲು ಬರದೆ ಒದ್ದಾಡಿಕೊಂಡು ಕೂತ.

"ನಿಮ್ಮೂರಲ್ಲಿ ಇದುಕ್ಕೆ ಏನಂತಾರಪ್ಪ?" ಎಂದು ಚಿಕ್ಕಬೈರಪ್ಪ ಕೇಳಿದ.

"ಫುಟ್‌ಬಾಲ್."

"ಕಾಲಲ್ಲಿ ಒದಿಯೋದೇ ಇಲ್ಲ ಅಂತಾನಲ್ಲ ನಮ್ ಹುಡುಗ?"

"ಸ್ವಲ್ಪ ಸ್ವಲ್ಪ ಒದೀತೀವಿ," ಅಂದ ಬಿಲ್ಲಪ್ಪ. ಚಿಕ್ಕಬೈರಪ್ಪ ನಕ್ಕ. ಹೊಟ್ಟೆ ಕುಲುಕುವ ಹಾಗೆ ನಕ್ಕ. ಒಲೆಯ ಮುಂದೆ ಕೂತಿದ್ದ ಸೊಣ್ಣಮ್ಮನಿಗೆ ಆ ನಗು ಕೇಳಿ ಕಣ್ಣು ತುಂಬಿತು. ಕಾಫಿ ತಂದುಕೊಟ್ಟು, ಧೈರ್ಯ ಮಾಡಿ ಕೇಳಿದಳು.

"ನಿಮ್ ಕಡೆ ಏಟು ಬೀಳಲ್ವೇನಪ್ಪ?"

"ನಮ್ಮ ಕಡೆ ತಲೆಗೆ ಗಟ್ಟಿ ಟೋಪಿ, ಭುಜಕ್ಕೆ ದಪ್ಪ ದಿಂಬು ಹಾಕ್ಕೊಂಡು ಆಡ್ತಾರೆ ಅಕ್ಕ. ಇಲ್ಲಿ ಅದು ಇಲ್ಲ. ಅದಕ್ಕೇ ಮೆತ್ತಗೆ ಆಡ್ತೀವಿ."

ಮೆತ್ತಗೆ. ತಾನು ಬಯಲಲ್ಲಿ ಕಂಡದ್ದು ಮೆತ್ತಗೆ ಆಡಿದ್ದಾದರೆ, ಆ ಟೋಪಿ ಹಾಕಿಕೊಳ್ಳುವವರು ಹೇಗೆ ಆಡುತ್ತಾರೆ? ಬೇಡ ಅಂದರೆ ಗಂಡ ಮತ್ತೆ ಗೋಡೆ ಕಡೆ ತಿರುಗುತ್ತಾನೆ. ಸುಮ್ಮನಿದ್ದರೆ ಮಗನ ಬೆನ್ನು. ಸೊಪ್ಪು ಕೂಗುತ್ತಾ ಕೂಗುತ್ತಾ ಯಾವ ಮನೆಯ ಮುಂದೆ ನಿಂತಿದ್ದೇನೆ ಅನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು. ಎಲ್ಲಾದರೂ ಒಂದು ಕಡ್ಡಿ ಮುರಿದ ಸದ್ದಾದರೆ ಮೈ ಬೆವರುತ್ತಿತ್ತು.

ಬಿಲ್ಲಪ್ಪನ ದೇಶದಲ್ಲಿ ಚಳಿಗಾಲದ ಆರಂಭಕ್ಕೆ ಏನೋ ಹಬ್ಬವಂತೆ, ಅವತ್ತು ಈ ಆಟ ಆಡಲೇಬೇಕಂತೆ. ಬೇರೆ ಬೇರೆ ಊರುಗಳಲ್ಲಿದ್ದ ಅವನ ಗೆಳೆಯರು ಬರುತ್ತಾರೆ, ಬೈರಸಂದ್ರದ ಹುಡುಗರ ಮೇಲೆ ಆಡುತ್ತಾರೆ ಅಂತ ಗೊತ್ತಾಯಿತು. ಅಪ್ಪನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋಗುವುದು ಅಂತಲೂ ಆಯಿತು.

ಆಟದ ದಿನ ಬೆಳಗ್ಗೆ ಬಾವಿಕಟ್ಟೆಯ ಹಿಂದೆ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿ ಸೊಣ್ಣಮ್ಮ ಹೋದಳು. ಸೀನು. ಮುಖ ಬೂದಿ ಬಣ್ಣ.

"ಜ್ವರ ಏನೋ ಮಗ?"

ಅವನು ತಲೆ ಅಲ್ಲಾಡಿಸಿದ. ಆಮೇಲೆ ಸಣ್ಣ ದನಿಯಲ್ಲಿ ಅಂದ. "ಭಯ ಆಯ್ತದೆ ಅವ್ವ. ದಿನಾ ಆಯ್ತದೆ. ಆ ರಾಶಿ ಅಡೀಲಿ ಬಿದ್ದಾಗ ಅಪ್ಪನ ಕಾಲೇ ಕಣ್ಮುಂದೆ ಬತ್ತದೆ."

"ಹಂಗಾದ್ರೆ ಯಾಕ್ಲಾ ಹೋಯ್ತೀಯ?"

"ಅಪ್ಪ ನನ್ ಜೊತೆ ಮಾತಾಡ್ತಾ ಇರೋದು ಈಗಲೇ ಅಲ್ವಾ?" ಅಂದ. "ಅವರ್ಗೆ ಹೇಳ್ಬೇಡ. ನಮ್ಮಪ್ಪನಾಣೆ."

ಆಣೆ ಹಾಕಿಸಿಕೊಂಡು ಅವಳು ಗಾಡಿ ಹತ್ತಿದಳು. ಗಂಡನ ತಲೆಯ ಕೆಳಗೆ ಮಡಿಸಿದ ಕಂಬಳಿ ಇಟ್ಟು ಪಕ್ಕದಲ್ಲಿ ಕೂತಳು. ಚಿಕ್ಕಬೈರಪ್ಪ ಬಿಳಿ ರುಮಾಲು ಸುತ್ತಿದ್ದ, ಮೀಸೆ ತಿರುವಿದ್ದ. ದಾರಿಯಲ್ಲಿ ಎದುರಾದವರಿಗೆಲ್ಲ ಕೈ ಎತ್ತುತ್ತಿದ್ದ. ಗಾಡಿ ಹಳ್ಳ ಇಳಿದು ಹತ್ತುವಾಗ ಅವನ ಕಾಲು ಎರಡು ಕೊರಡಿನ ಹಾಗೆ ಅಲ್ಲಾಡಿದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಮದುವೆಯಾದ ಮೇಲೆ ಗಂಡನಿಗೆ ಎದುರಾಗಿ ಒಂದು ಮಾತು ಆಡಿದವಳಲ್ಲ.

"ಅವನು ಹೆದರ್ಕತಾನೆ."

"ಯಾರು?"

"ನಿಮ್ ಮಗ. ಇವತ್ತು ವಾಂತಿ ಮಾಡ್ಕಂಡ. ನಿಮಗೋಸ್ಕರ ಆಡ್ತಾವ್ನೆ. ನಿಮ್ ನಗು ನೋಡಕ್ಕೆ."

ಚಿಕ್ಕಬೈರಪ್ಪನ ಕೈ ಮೀಸೆಯ ಮೇಲೇ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬಯಲು ಬರುವವರೆಗೂ ಎತ್ತಿನ ಗೆಜ್ಜೆ ಬಿಟ್ಟರೆ ಬೇರೆ ಸದ್ದಿಲ್ಲ. ಆಣೆ ಮುರಿದೆ, ಗಂಡನ ಮನಸ್ಸೂ ಮುರಿದೆ, ಇನ್ನು ದೇವರು ಏನು ಮಾಡುತ್ತಾನೋ ಎಂದು ಅವಳು ಸೆರಗಿನ ತುದಿ ಕಚ್ಚಿಕೊಂಡು ಕೂತಳು.

ಬಯಲ ತುಂಬ ಜನ. ಅಮೆರಿಕದ ಹುಡುಗರು ಒಬ್ಬೊಬ್ಬರೂ ಬಾಗಿಲ ಎತ್ತರ. ಸಾಲು ಕಟ್ಟಿದರು, ತೊಡೆ ತಟ್ಟಿದರು. ಸೀನು ಕೈ ಊರುವ ಮೊದಲು ಗಾಡಿ ಕಡೆ ನೋಡಿದ.

"ಲೋ ಸೀನಾ!" ಚಿಕ್ಕಬೈರಪ್ಪನ ದನಿ ಇಡೀ ಬಯಲಿಗೆ ಕೇಳಿತು. "ಬಾರ್ಲಾ ಇಲ್ಲಿ!"

ಸೀನು ಓಡಿ ಬಂದ.

"ಇಲ್ಲಿಂದ ನಂಗೆ ಸರಿಯಾಗಿ ಕಾಣಕ್ಕಿಲ್ಲ. ಯಾರು ಏನ್ ಮಾಡ್ತಾವ್ರೆ ಅಂತ ಹೇಳೋರು ಬೇಕು. ಹತ್ತು ಗಾಡಿ."

"ಅಪ್ಪ, ನನ್ ಜಾಗ..."

"ನಮ್ ಬೀದಿ ತಿಮ್ಮರಾಯಪ್ಪನ ಮಗನ್ನ ನಿಲ್ಸು. ಹತ್ತು ಅಂದೆ."

ಸೀನು ಹತ್ತಿ ಕೂತ. ಅವ್ವನ ಮುಖ ನೋಡಲಿಲ್ಲ. ಆಟ ನಡೆಯಿತು. ಅಪ್ಪನಿಗೆ ಒಂದೊಂದನ್ನೂ ಹೇಳುತ್ತಾ ಹೇಳುತ್ತಾ ಅವನ ದನಿಗೆ ನಿಧಾನವಾಗಿ ಜೀವ ಬಂತು. ಸೊಣ್ಣಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ರಾಶಿ ಬಿದ್ದಾಗಲೆಲ್ಲ ಗಾಡಿಯ ಪಟ್ಟಿ ಹಿಡಿಯುತ್ತಿದ್ದಳು.

ಆಟ ಮುಗಿಯುವ ಹೊತ್ತಿಗೆ ಒಂದು ಕೂಗು. ತಿಮ್ಮರಾಯಪ್ಪನ ಮಗ, ಸೀನುವಿನ ಜಾಗದಲ್ಲಿ ನಿಂತವನು, ಎದ್ದೇಳಲಿಲ್ಲ. ಬಿಲ್ಲಪ್ಪ ಅವನ ಪಕ್ಕದಲ್ಲಿ ಮಂಡಿಯೂರಿದ್ದ, ಮುಖ ಸುಣ್ಣವಾಗಿತ್ತು. ಸೊಣ್ಣಮ್ಮ ಗಾಡಿಯಿಂದ ಇಳಿದು ಓಡಿದಳು. ಯಾವ ಲಾರಿಗೂ ಅಡ್ಡ ಬಾರದವಳು ಅಷ್ಟು ಗಂಡಸರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಹುಡುಗನ ಕಾಲು ಹಿಡಿದು, "ಬೆರಳು ಅಲ್ಲಾಡ್ಸಪ್ಪ, ಬೆರಳು ಅಲ್ಲಾಡ್ಸು" ಎಂದು ಬೇಡಿಕೊಂಡಳು. ಅವನು ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಬೆರಳು ಅಲ್ಲಾಡಿಸಿದ. ಕುತ್ತಿಗೆಯ ಕೆಳಗಿನ ಮೂಳೆ ಮುರಿದಿತ್ತು, ಅಷ್ಟೇ. ಅಷ್ಟೇ ಎಂದು ಊರವರು ಅಂದರು. ಅವಳಿಗೆ ಅಷ್ಟೇ ಆಗಲಿಲ್ಲ.

ಮೂಳೆ ಕಟ್ಟುವವರ ಹತ್ತಿರ ಬಿಲ್ಲಪ್ಪನೇ ಹುಡುಗನನ್ನು ಕರೆದುಕೊಂಡು ಹೋಗಿಬರುತ್ತಿದ್ದ. ಸೊಣ್ಣಮ್ಮ ದಿನವೂ ಮೊದಲ ಕಟ್ಟು ಸೊಪ್ಪನ್ನು ತಿಮ್ಮರಾಯಪ್ಪನ ಮನೆಗೆ ಕೊಟ್ಟೇ ಜಯನಗರಕ್ಕೆ ಹೋಗುತ್ತಿದ್ದಳು. ಆ ಮನೆಯಾಕೆ ಯಾಕಕ್ಕ ಇದೆಲ್ಲ ಅಂದರೆ ಮಂಕರಿ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ತನ್ನ ಮಗ ಉಳಿದದ್ದರಿಂದಲೇ ಅವಳ ಮಗ ಬಿದ್ದ ಅಂತ ಹೇಗೆ ಹೇಳುವುದು?

ಚಿಕ್ಕಬೈರಪ್ಪ ಎಷ್ಟೋ ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಆದರೆ ಗೋಡೆ ಕಡೆಗೂ ತಿರುಗಲಿಲ್ಲ. ಸಂಜೆಯಾದರೆ ಸೀನುವನ್ನು ಕರೆದು ಬಯಲಲ್ಲಿ ಏನಾಯಿತು ಅಂತ ಕೇಳುತ್ತಿದ್ದ, ಸೀನು ಆಡದೆ ನೋಡಿಕೊಂಡು ಬಂದದ್ದನ್ನು ಹೇಳುತ್ತಿದ್ದ. ಪುಕ್ಕಲ ಎಂದು ಕರೆದ ಗೆಳೆಯರ ಮಾತು ಅವನಿಗೆ ನಾಟಿತ್ತು. ಅದನ್ನು ಅವನು ಅಪ್ಪನಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಅವ್ವನಿಗೆ ತಿಳಿದೇ ಇತ್ತು.

ಬಿಲ್ಲಪ್ಪ ತನ್ನ ಊರಿಗೆ ಹೋದ. ಹೋಗುವಾಗ ಚೆಂಡನ್ನು ಹುಡುಗರಿಗೇ ಕೊಟ್ಟು ಹೋದ. ಅದು ಹರಿಯುವವರೆಗೂ ಆಡಿದರು, ಹರಿದ ಮೇಲೆ ಬಟ್ಟೆ ಸುತ್ತಿ ಆಡಿದರು. ಬಯಲಲ್ಲಿ ಮನೆಗಳು ಎದ್ದವು, ಉಳಿದ ಜಾಗಕ್ಕೆ ಕ್ರಿಕೆಟ್ ಬಂತು. ಸೀನು ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾದ.

ಅರವತ್ತೆಂಟರ ಮಾಗಿಯಲ್ಲಿ ಚಿಕ್ಕಬೈರಪ್ಪ ತೀರಿಕೊಂಡ. ಅದಕ್ಕೆ ಸ್ವಲ್ಪ ದಿನ ಮೊದಲು, ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದ ಹೆಂಡತಿಗೆ ಅಂದಿದ್ದ. "ಅವತ್ತು ಗಾಡೀಲಿ ನೀನು ಹೇಳ್ದೆ ಇದ್ದಿದ್ರೆ ನಾನು ಅವನ್ನ ಆಡಿಸ್ತಿದ್ದೆ ಕಣೆ."

ಅದು ಬೈಗುಳವೋ ಉಪಕಾರ ನೆನೆದದ್ದೋ ಅವಳಿಗೆ ಗೊತ್ತಾಗಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿ ಹಿಂಡಿದಳು.